ಗುರುಮಲ್ಲಪ್ಪನ ಮಾತನ್ನು ಯಾರೂ ನಂಬಲಿಲ್ಲ

೨೦೦೭ರ ಒಂದು ಭಾನುವಾರ ಬೆಳಿಗ್ಗೆ ನಿವೃತ್ತ ಶಿಕ್ಷಕಿ ಭಾನುಮತಿ ಚಾಮುಂಡಿ ಬೆಟ್ಟದ ತಪ್ಪಲಿನಲ್ಲಿ ಬಸ್ಸಿಗೆ ಕಾಯುತ್ತಿದ್ದರು. ಅದೇ ಬೆಂಚಿನಲ್ಲಿ ದಪ್ಪ ತೋಳಿನ ಯುವಕನೊಬ್ಬ ತನ್ನ ವ್ಯಾಯಾಮದ ಮೇಡಂ ಮುಂದೆ ಗೋಳು ತೋಡಿಕೊಳ್ಳುತ್ತಿದ್ದ.

“ಎಲ್ಲಾ ನಿಮ್ಮಿಂದ್ಲೇ, ಸುಷ್ಮಾ ಮೇಡಂ. ಎರಡು ವರ್ಷದ ಹಿಂದೆ ಎದ್ದು ಕೂರಕ್ಕೂ ಆಯ್ತಿರ್ಲಿಲ್ಲ. ಆಸ್ಪತ್ರೆ ಗುಂಪಲ್ಲಿ ವ್ಯಾಯಾಮ ಮಾಡ್ಸಿ ಗಟ್ಟಿ ಮಾಡ್ಬುಟ್ರಿ. ಈಗ ಅಕ್ಕ ಹೆಣ್ಣು ನೋಡ್ಬುಟ್ಟವ್ಳೆ!”

“ಹುಡುಗಿ ಮನೆಯವ್ರಿಗೆ ನಿಜ ಹೇಳಿದ್ರಾ, ಗುರುಮಲ್ಲಪ್ಪ?”

“ಹೇಳ್ದೆ. ನಂಗೆ ಎಚ್‌ಐವಿ ಐತೆ, ದಿನಾ ಮಾತ್ರೆ ತಗೋತೀನಿ ಅಂದೆ.”

ಭಾನುಮತಿ ಪಕ್ಕಕ್ಕೆ ಸರಿಯಲು ಹೊರಟರು. ಮುಂದಿನ ಮಾತು ತಪ್ಪಿಹೋದೀತೆಂದು ಅಲ್ಲೇ ಕುಳಿತರು.

“ಏನಂದ್ರು?”

“ಹುಡ್ಗಿ ಅಪ್ಪ ನನ್ ತೋಳು ಹಿಸುಕಿ ನೋಡ್ದ. ‘ಹುಡ್ಗಿ ಇಷ್ಟ ಇಲ್ದಿದ್ರೆ ಇಲ್ಲ ಅನ್ನಿ, ಇಂಥಾ ಸುಳ್ಳು ಯಾಕೆ?’ ಅಂತ ಬೈದ. ಆಸ್ಪತ್ರೆ ಚೀಟಿ ತೋರಿಸ್ದ ಮೇಲೇ ನಂಬಿದ್ದು. ಸಂಬಂಧ ಬುಟ್ಟೋಯ್ತು.”

“ಬೇಜಾರಾಯ್ತಾ?”

“ಒಸಿ ಆಯ್ತು. ಆಮೇಲೆ ನಮ್ ಗುಂಪಿನ ಪ್ರೇಮಲೀಲಾನ ಮದ್ವೆ ಆಯ್ತೀರಾ ಅಂತ ಕೇಳ್ದೆ. ಅವ್ರೂ ಅದೇ ಮಾತ್ರೆಯೋರಲ್ವಾ, ಹೊಸ್ದಾಗಿ ಹೇಳೋದೇನೂ ಇಲ್ಲ.”

“ಕೇಳೇ ಬಿಟ್ರಾ! ಏನಂದ್ರು?”

“ಮೊದ್ಲು ಸಾವ್ರ ಮೆಟ್ಲು ಹತ್ತಿ ಬನ್ನಿ, ದೇವಸ್ಥಾನದ ಮುಂದೆ ಮಾತಾಡಣ ಅಂದ್ರು. ಅವ್ರು ಆಗ್ಲೇ ಮೆಟ್ಲು ಹತ್ತಕ್ಕೆ ಶುರು ಮಾಡವ್ರೆ.”

“ಮತ್ತೆ ನೀವಿಲ್ಲಿ ಯಾಕೆ ಕೂತಿದ್ದೀರಿ?”

“ಬಸ್ಸಲ್ಲಿ ಹೋಗಿ, ಮುಖಕ್ಕೆ ನೀರು ಚಿಮುಕಿಸ್ಕೊಂಡು, ಬೆವ್ರು ಅನ್ನಣ ಅಂತ.”

“ಏಳ್ರೀ ಮೇಲೆ!”

ಬಸ್ಸು ಬಂದಾಗ ಗುರುಮಲ್ಲಪ್ಪ ಮೆಟ್ಟಿಲಿನತ್ತ ಓಡುತ್ತಿದ್ದ. ಮೇಡಂ ಹಿಂದಿನಿಂದ, “ಉಸಿರು ಬಿಡಿ, ಗುರುಮಲ್ಲಪ್ಪ, ಉಸಿರು ಬಿಡಿ!” ಎಂದು ಕೂಗುತ್ತಿದ್ದರು.