ಮೇಸ್ತ್ರಿಯ ನೂಲುಗುಂಡು

ಎಂಬತ್ತೆರಡನೇ ಇಸವಿಯ ಒಂದು ಭಾನುವಾರ, ಹೆಬ್ಬಾಳದಲ್ಲಿ ಯಲಹಂಕದ ಬಸ್ಸಿಗೆ ಕಾಯುತ್ತಿದ್ದೆ. ನನ್ನ ಮುಂದೆ ನಮ್ಮ ಬೀದಿಯ ಗಾರೆ ಮೇಸ್ತ್ರಿ ಸ್ವಾಮಿದಾಸ್, ಅವರ ಹೆಂಡತಿ ಎಸ್ತರಮ್ಮ ನಿಂತಿದ್ದರು. ಚರ್ಚಿನಿಂದ ಬಂದವರು, ಎಸ್ತರಮ್ಮನ ಕೈಯಲ್ಲಿ ಟಿಫನ್ ಕ್ಯಾರಿಯರ್.

“ಗೋಡೆ ಪಕ್ಕ ದೇವರು, ನೆಟ್ಟಗಿದೆಯಾ ಅಂತ ನೋಡೋ ನೂಲುಗುಂಡು ಹಿಡ್ಕೊಂಡು ನಿಂತಿದ್ದನ್ನ ಪ್ರವಾದಿ ಆಮೋಸ ಕಂಡನಂತೆ. ಸೊಟ್ಟಗಿರೋರನ್ನೆಲ್ಲ ಕೆಡವ್ತಾನೆ ಅಂತ ಅರ್ಥವಂತೆ. ಪಾಸ್ಟರ್ ಹೇಳಿದ್ರಲ್ಲ?” ಎಂದರು ಎಸ್ತರಮ್ಮ.

“ಪಾಸ್ಟರ್ ಯಾವತ್ತು ಗೋಡೆ ಕಟ್ಟಿದ್ರು? ಕೆಡವೋಕೆ ಹಾರೆ ಸಾಕು ಕಣೇ. ಉಳಿಸ್ಕೋಬೇಕು ಅನ್ನೋ ಗೋಡೆಗೆ ತಾನೇ ಗುಂಡು ಇಳಿಬಿಟ್ಟು ನೋಡೋದು?”

“ಸೊಟ್ಟಗಿದ್ರೆ?”

“ಸೊಟ್ಟ ಇರೋಷ್ಟು ಬಿಚ್ಚಿ ಮತ್ತೆ ಕಟ್ತೀನಿ.”

“ಹೊಸ ಇಟ್ಟಿಗೇಲಾ?”

“ಅದೇ ಇಟ್ಟಿಗೇಲಿ. ಇಟ್ಟಿಗೆ ಏನ್ ತಪ್ಪು ಮಾಡ್ತು? ಕಟ್ಟಿದ ಕೈ ನಂದಲ್ವಾ?”

“ಮತ್ತೆ ನಮ್ಮ ಸೆಲೀನಾ? ಕೇಳದೆ ಮದ್ವೆ ಆದ್ಲು ಅಂತ ಎರಡು ವರ್ಷದಿಂದ ಮಗಳ ಮುಖಾನೂ ನೋಡಿಲ್ವಲ್ಲ ನೀವು?”

ಯಲಹಂಕದ ಬಸ್ಸು ಬಂತು. ಮೇಸ್ತ್ರಿ ಹತ್ತಲಿಲ್ಲ.

“ಸೆಲೀನಾ ಮನೆಗೆ ಹೋಗೋ ಯಶವಂತಪುರದ ಬಸ್ಸು ಆ ಕಡೆ ನಿಲ್ಲುತ್ತೆ, ಬಾ. ಆದ್ರೆ ಬರಿಗೈಲಿ ಹೆಂಗೆ ಹೋಗೋದು?”

“ಬರಿಗೈ ಯಾಕೆ? ಬೆಳಿಗ್ಗೇನೇ ಅವಳಿಗೆ ಕಡುಬು ಮಾಡಿ ತಂದಿದೀನಿ,” ಎಂದು ಎಸ್ತರಮ್ಮ ಕ್ಯಾರಿಯರ್ ಎತ್ತಿಕೊಂಡು ಮುಂದೆ ನಡೆದರು.