ಫ್ಯಾನು ಹಾಕದ ಮನೆ

ಬಂಟ್ವಾಳ ಪೇಟೆಯ ಆಸ್ಪತ್ರೆಯೊಂದರ ಬೆಂಚಿನಲ್ಲಿ ನನ್ನ ಪಕ್ಕ ಬೀಡಿ ಕಟ್ಟುವ ಇಬ್ಬರು ಹೆಂಗಸರು ಕುಳಿತಿದ್ದರು. ಹಿರಿಯಾಕೆ ಅಮ್ಮಣಿ. ಸೆಕೆಗೆ ತಲೆ ತಿರುಗಿ ಬಿದ್ದ ಅವರ ಮಗಳು ಹರಿಣಾಕ್ಷಿ ಒಳಗಿದ್ದಳು. ಇನ್ನೊಬ್ಬಳು ನೆರೆಮನೆಯ ಭವ್ಯಶ್ರೀ.

"ಈಗ ಹೇಗಿದ್ದಾಳೆ ಅಕ್ಕ?"

"ಮಾತಿಲ್ಲ. ಮೈ ತುಂಬ ಒದ್ದೆ ಬಟ್ಟೆ ಹಾಕಿದ್ದಾರೆ."

"ಬಿಸಿಲಿಗೆ ಹೋಗಿದ್ದಳಾ?"

"ಎಲ್ಲಿಗೆ ಹೋಗುವುದು? ಮನೆಯೊಳಗೇ ಬೀಡಿ ಕಟ್ತಾ ಇದ್ದಳು. ಹೊಳೆಯ ನೆರೆಗೆ ಹೆಂಚಿನ ಮನೆ ಹೋದ ಮೇಲೆ ತಗಡಿನ ಶೀಟಿನ ಅಡಿಯಲ್ಲೇ ಅಲ್ವಾ ನಾವು."

"ಡಾಕ್ಟರು ಏನು ಹೇಳಿದ್ರು?"

"ಮಧ್ಯಾಹ್ನ ಫ್ಯಾನಿನ ಅಡಿಯಲ್ಲಿ ಕೂತು ಕೆಲಸ ಮಾಡ್ಬೇಕಂತೆ."

"ಫ್ಯಾನು ಹಾಕಿದ್ರೆ ಹೊಗೆಸೊಪ್ಪು ಹಾರ್ತದಲ್ಲ. ಎಲೆಯೂ ಒಣಗಿ ಒಡೀತದೆ."

"ಅದನ್ನೇ ಹೇಳಿದೆ. ಹಾಗಾದ್ರೆ ರಾತ್ರಿ ಕಟ್ಟಿ ಅಂದ್ರು."

"ರಾತ್ರಿಯಾದ್ರೂ ತಂಪುಂಟಾ? ನಮ್ಮ ಶೀಟು ಹೊತ್ತು ಮುಳುಗಿದ ಮೇಲೂ ಸುಡ್ತಾ ಇರ್ತದೆ."

"ಅವರು ಶೀಟಿನ ಮನೆ ನೋಡಿಲ್ಲ, ಪಾಪ."

ನರ್ಸ್ ಬಾಗಿಲಿಗೆ ಬಂದು, "ಹರಿಣಾಕ್ಷಿಯ ಮನೆಯವರು ಬನ್ನಿ. ಮಂಗಳೂರಿಗೆ ಕೊಂಡುಹೋಗ್ಬೇಕು, ಆಂಬ್ಯುಲೆನ್ಸ್ ಬಂತು," ಎಂದರು.

ಭವ್ಯಶ್ರೀಯೂ ಎದ್ದಳು. "ನಾನೂ ಬರ್ತೇನೆ ಅಕ್ಕ."

"ಬೇಡ ಮಗಾ, ನೀನು ಮನೆಗೆ ಹೋಗು. ಬೀಡಿ ಎಲೆಗೆ ಸುತ್ತಿದ ಬಟ್ಟೆ ಇಷ್ಟೊತ್ತಿಗೆ ಒಣಗಿರ್ತದೆ. ಸ್ವಲ್ಪ ನೀರು ಚಿಮುಕಿಸಿ ಬಿಡು."

"ಈಗ ಎಲೆಯ ಚಿಂತೆ ಯಾಕಕ್ಕ?"

"ಅವಳು ಬಂದ ಮೇಲೆ ಕಟ್ಟಲಿಕ್ಕೆ ಬೇಕಲ್ಲ."

ಅಮ್ಮಣಿ ಒಳಗೆ ಹೋದರು. ಭವ್ಯಶ್ರೀ ಸೆರಗು ತಲೆಗೆ ಹೊದ್ದು ಬಿಸಿಲಿಗಿಳಿದಳು.