ಅಕ್ಕನ ಪಾತ್ರ

"ಹಲೋ... ಯಾರು ಮಾತಾಡ್ತಿರೋದು?... ಹಾಂ, ನಾನು ಡಾಗ್ನಿನೇ. ನೀವ್ಯಾರು?... ಸಿಗ್ನೆ ಅಕ್ಕಾ? ನಿನ್ನ ದನೀನೇ ಗುರುತು ಸಿಗ್ಲಿಲ್ಲ ನೋಡು."

ಡಾಗ್ನಿ ಕುರ್ಚಿ ಎಳೆದುಕೊಂಡು ಕೂತಳು. ಉತ್ತರದ ಹೆರ್ನೊಸಂದಿನಿಂದ ಅಕ್ಕ ಸ್ಟಾಕ್‌ಹೋಮಿಗೆ ಫೋನು ಮಾಡುವುದು ಕ್ರಿಸ್‌ಮಸ್ಸಿಗೊಮ್ಮೆ. ಇದಿನ್ನೂ ಅಕ್ಟೋಬರು.

"...ನನ್ನ ಪುಸ್ತಕ ಓದಿದ್ಯಾ? ಪೂರ್ತಿ?... ಅಲ್ಲ ಅಕ್ಕಾ, ಅದು ಕಾದಂಬರಿ. ಅದರಲ್ಲಿರೋಳು ನೀನಲ್ಲ... ಹೆಸರು ಬೇರೆ, ಊರು ಬೇರೆ. ಅವಳ ಗಂಡ ಲೈಟ್‌ಹೌಸ್ ಕಾಯೋನು. ಭಾವ ಮರದ ಮಿಲ್ಲಲ್ಲಿರೋದು, ಅಲ್ವಾ?"

ಹೌದು, ಎಲ್ಲ ಬೇರೆ. ಆದರೆ ಪುಸ್ತಕದಲ್ಲಿ, ಮನೆ ಮುಂದಿನ ಕೊಲ್ಲಿಯ ಮಂಜುಗಡ್ಡೆ ಬಿರಿದು ನೀರುಪಾಲಾದ ಹುಡುಗ ಮಾತ್ರ ಅಕ್ಕನ ಮಗ ಉಲ್ಲೆಯೇ. ಅವನು ಎರಡು ಸಲ ಕೂಗಿದ್ದು ಅಡುಗೆಮನೆಗೆ ಕೇಳಿಸಿತ್ತು. ಹುಡುಗರ ಆಟವಿರಬೇಕು ಅಂದುಕೊಂಡು ಸಿಗ್ನೆ ಕಾಫಿ ಕುಡಿಯುತ್ತ ಕೂತಿದ್ದಳು. ಗಂಡನಿಗೂ ಹೇಳದ ಆ ಮಾತನ್ನು, ಮಣ್ಣು ಮಾಡಿ ಬಂದ ಸಂಜೆ, ತಂಗಿಯ ತೊಡೆಯ ಮೇಲೆ ತಲೆಯಿಟ್ಟು ಹೇಳಿಕೊಂಡಳು. ಅಂದು ಡಾಗ್ನಿ ಅವಳ ಕೂದಲು ನೇವರಿಸಿದ್ದಳು. ವರ್ಷಗಳ ನಂತರ ಅದನ್ನೇ ಬರೆದಳು.

"...ಭಾವನೂ ಓದಿದ್ರಾ?... ಏನಂದ್ರು?... ಎದ್ದು ಹೋದ್ರಾ?... ಎಲ್ಲಿಗೆ?... ಬರ್ತಾರೆ ಬಿಡು. ಗಂಡಸ್ರು ಎಲ್ಲಿಗೆ ಹೋಗ್ತಾರೆ, ಹೊಟ್ಟೆ ಹಸಿದ್ರೆ ಬರ್ತಾರೆ... ಬಟ್ಟೆ ಪೆಟ್ಟಿಗೆ ತಗೊಂಡ್ರಾ? ಓ."

ಅತ್ತ ಅಳು ಶುರುವಾಯಿತು. ಡಾಗ್ನಿ ರಿಸೀವರನ್ನು ಕಿವಿಯಿಂದ ತುಸು ದೂರ ಹಿಡಿದಳು.

"...ಇಲ್ಲ, ನಾನ್ಯಾಕೆ ತಪ್ಪಾಯ್ತು ಅನ್ಲಿ?... ಇದಕ್ಕೆ ಮುಂಚೆ ಎರಡು ಪುಸ್ತಕ ಬರೆದೆ ಅಕ್ಕಾ. ಸಿನಿಮಾದೋಳು, ಲಿಪ್‌ಸ್ಟಿಕ್ಕಲ್ಲೇ ಬರೆದಿರ್ಬೇಕು ಅಂತ ಪೇಪರಲ್ಲಿ ಹಾಕಿದ್ರು. ಊರೇ ನಕ್ಕಿತು. ಅವತ್ತು ನೀನು ಫೋನ್ ಮಾಡಿದ್ಯಾ?... ಇದಕ್ಕೆ ಯಾರೂ ನಗ್ಲಿಲ್ಲ."

ಅದು ಸುಳ್ಳಲ್ಲ. ನಲವತ್ತು ದಾಟಿದ ಮೇಲೆ ಸಿನಿಮಾದಲ್ಲಿ ಡಾಗ್ನಿಗೆ ಸಿಗುತ್ತಿದ್ದದ್ದು ತಟ್ಟೆ ಹಿಡಿದು ಬರುವ ಚಿಕ್ಕಮ್ಮಂದಿರ ಪಾತ್ರ. ಕಳೆದ ವಾರ ಸ್ಟುಡಿಯೋಗೆ ಹೋದಾಗ, ವರ್ಷಗಟ್ಟಲೆ ಅವಳನ್ನು ಬಾಗಿಲಲ್ಲಿ ಕಾಯಿಸಿದವರೇ ಎದ್ದು ನಿಂತು ಅವಳ ಕೋಟು ಕಳಚಲು ನೆರವಾದರು.

"...ಅಳ್ಬೇಡ, ಕೇಳು. ಪೇಪರಲ್ಲಿ ನೋಡೋ ಮುಂಚೆ ನಾನೇ ಹೇಳ್ಬಿಡ್ತೀನಿ. ಇದನ್ನ ಸಿನಿಮಾ ಮಾಡ್ತಿದಾರೆ. ಫೆಬ್ರವರಿಲಿ ಶೂಟಿಂಗು, ನೀರು ಗಟ್ಟಿಯಾಗ್ಬೇಕಲ್ಲ... ತಾಯಿ ಪಾತ್ರನಾ? ನಾನೇ... ಹಾಂ, ನಾನೇ. ಇನ್ಯಾರಿಗೆ ಬಿಟ್ಟುಕೊಡ್ಲಿ?"

ಅಳು ನಿಂತುಹೋಯಿತು. ಕೆಲವು ದಿನಗಳಿಂದ ಡಾಗ್ನಿಯೇ ಅಕ್ಕನಿಗೆ ಫೋನು ಮಾಡಬೇಕೆಂದಿದ್ದಳು, ಧೈರ್ಯ ಸಾಲದೆ ಮುಂದೂಡುತ್ತಿದ್ದಳು. ಈಗ ಅವಳಾಗಿಯೇ ಸಿಕ್ಕಿದ್ದಾಳೆ. ಕೇಳದೆ ಬಿಟ್ಟರೆ ಮತ್ತೆ ಸಿಗಲಾರಳು.

"ಅಕ್ಕಾ, ಇದೀಯಾ?... ಒಂದೇ ಒಂದು ಕೇಳ್ತೀನಿ, ಸಿಟ್ಟಾಗ್ಬೇಡ. ನಿರ್ದೇಶಕರು ಕೇಳಿದ್ರು, ನನ್ಹತ್ರ ಉತ್ತರ ಇರ್ಲಿಲ್ಲ. ಪುಸ್ತಕದಲ್ಲಿ ಹೇಗೋ ಹಾರಿಸಿಬಿಟ್ಟಿದ್ದೆ... ಅವನು ಎರಡನೇ ಸಲ ಕೂಗಿದ್ನಲ್ಲ, ಆಗ ಕಾಫಿ ಕಪ್ಪು ಕೆಳಗಿಟ್ಯಾ, ಕುಡಿದು ಮುಗಿಸಿದ್ಯಾ?... ಅಕ್ಕಾ?... ಜೋರಾಗಿ ಹೇಳು... ಮುಗಿಸ್ದೆ ಅಂದ್ಯಾ?... ಹಾಂ. ಹಾಂ... ಮುಗಿಸಿ, ಕಪ್ಪು ತೊಳೆದಿಟ್ಟು ಹೋದ್ಯಾ, ಇಲ್ಲ ಹಾಗೇ—"

ಲೈನು ಕಡಿಯಿತು.